ಸಹಿ ಬೀಳದ ಸುಗ್ರೀವಾಜ್ಞೆ

ಎಸ್.ಎಂ. ಕೃಷ್ಣ ಎಂದೊಡನೆ ನಮಗೆ ನೆನಪಾಗುವುದು ಐಟಿ, ಬಿಸಿಯೂಟ, ಕಾವೇರಿ ಪಾದಯಾತ್ರೆ. ಅವರು ಮಹಾರಾಷ್ಟ್ರದ ರಾಜ್ಯಪಾಲರಾಗಿ ಮುಂಬೈ ರಾಜಭವನದಲ್ಲಿದ್ದಾಗ, 2005ರಲ್ಲಿ, ಸಹಿ ಹಾಕದೆ ಬಿಟ್ಟ ಒಂದು ಕಾಗದದ ಬಗ್ಗೆ ಇಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚುವಾಗ ಕಣ್ಣಿಗೆ ಬಿತ್ತು. ಬಾರುಗಳಲ್ಲಿ ಹೆಣ್ಣುಮಕ್ಕಳ ಕುಣಿತ ನಿಲ್ಲಿಸುವ ಸುಗ್ರೀವಾಜ್ಞೆ ಅದು.

ಡ್ಯಾನ್ಸ್ ಬಾರ್ ಮುಚ್ಚಿಸಿಯೇ ಸಿದ್ಧ ಎಂದು ಹೊರಟವರು ಗೃಹ ಸಚಿವ ಆರ್.ಆರ್. ಪಾಟೀಲ. ರಾಜ್ಯಪಾಲರ ಅಂಕಿತ ಸಿಗದಿದ್ದಾಗ ಸರ್ಕಾರ ಮಸೂದೆಯ ದಾರಿ ಹಿಡಿಯಿತು. ಜುಲೈನಲ್ಲಿ ಸದನ ಒಪ್ಪಿತು, ಆಮೇಲೆ ಅಂಕಿತವೂ ಬಿತ್ತು, ಆಗಸ್ಟ್ ನಡುವಿನ ಹೊತ್ತಿಗೆ ದೀಪಗಳು ಆರಿದವು. 1951ರ ಬಾಂಬೆ ಪೊಲೀಸ್ ಕಾಯ್ದೆಗೆ ಎರಡು ಕಲಂ ಸೇರಿದವು. 33ಎ ಕುಣಿತವನ್ನು ನಿಷೇಧಿಸಿತು. 33ಬಿ ಮೂರು ನಕ್ಷತ್ರ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ, ಜಿಮ್ಖಾನಾಗಳಿಗೆ ವಿನಾಯಿತಿ ಕೊಟ್ಟಿತು. ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಬಡ ಗಿರಾಕಿಯ ಮುಂದೆ ಹೋಗುವ ಮಾನ ಶ್ರೀಮಂತನ ಮುಂದೆ ಹೇಗೆ ಉಳಿಯುತ್ತದೆ? 2006ರಲ್ಲಿ ಬಾಂಬೆ ಹೈಕೋರ್ಟೂ 2013ರಲ್ಲಿ ಸುಪ್ರೀಂ ಕೋರ್ಟೂ ಈ ತಾರತಮ್ಯವನ್ನು ಒಪ್ಪಲಿಲ್ಲ. 2005ರಿಂದ 2013ರವರೆಗಿನ ಎಂಟು ವರ್ಷ ಆ ಹೆಣ್ಣುಮಕ್ಕಳು ಏನು ಉಂಡರು? ಕೆಲಸ ಕಳೆದುಕೊಂಡವರು 75,000 ಎಂಬ ಲೆಕ್ಕ ಕೋರ್ಟಿನ ಮುಂದೆಯೇ ಇತ್ತು.

ನಮ್ಮ ಕರಾವಳಿಗೂ ಈ ಕಥೆಯಲ್ಲಿ ಪಾಲಿದೆ. ಮುಂಬೈಯ ಬಾರುಗಳ ಗಲ್ಲಾದಲ್ಲಿ ಕುಳಿತವರಲ್ಲಿ ಬಹಳಷ್ಟು ಮಂದಿ ಉಡುಪಿ, ಮಂಗಳೂರು ಕಡೆಯವರು. ನಾನು ಚಿಕ್ಕವನಿದ್ದಾಗ ಊರಿನ ಕೋಲಕ್ಕೆ ಬರುತ್ತಿದ್ದ ಬೊಂಬಾಯಿ ಮಾವಂದಿರ ಕೈಯಲ್ಲಿ ಮಿಠಾಯಿ ಡಬ್ಬಿ ಇರುತ್ತಿತ್ತು, ಬಾಯಲ್ಲಿ ಹೋಟೆಲಿನ ಕಥೆ. ಲೋಟ ತೊಳೆದು ಮಾಲೀಕರಾದ ಕಥೆಗಳನ್ನು ನಾವು ಪುಸ್ತಕ ಮಾಡಿದ್ದೇವೆ. ಇಡ್ಲಿಯ ಪಕ್ಕ ಪರ್ಮಿಟ್ ರೂಂ ಬಂದದ್ದು, ಅದರಾಚೆ ಕುಣಿತದ ಕಟ್ಟೆ ಎದ್ದದ್ದು, ಆ ಕಟ್ಟೆಯ ಮೇಲೆ ದುಡಿದವರು ಆ ಪುಸ್ತಕಗಳಲ್ಲಿಲ್ಲ. ಇದು ನನಗೆ ನೋವಿನ ವಿಷಯ.

ಅವರ ದುಡಿಮೆಯನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡವರು ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ಕೇಂದ್ರದವರು ಮತ್ತು ಮುಂಬೈಯ ಸ್ತ್ರೀ ಸಂಘಟನೆಗಳು. 50 ಬಾರುಗಳ 500 ಹೆಣ್ಣುಮಕ್ಕಳನ್ನು ಮಾತಾಡಿಸಿದರು. ತಲೆಮಾರುಗಳಿಂದ ಕುಣಿತವೇ ಕಸುಬಾದ ಜಾತಿಗಳವರು ಅಲ್ಲಿದ್ದರು. ಮನೆಗೆಲಸದ ಪುಡಿಗಾಸಿನಿಂದ ಬಂದವರೂ ಇದ್ದರು. ವರ್ಷಾ ಕಾಳೆ ಮುಂದಾಳತ್ವದ ಭಾರತೀಯ ಬಾರ್‌ಗರ್ಲ್ಸ್ ಯೂನಿಯನ್ ಕೂಡ ಆ ಕಾಲದ್ದೇ.

ಇವರ ಆರೋಗ್ಯದ ಮಾತು ಬಂದಾಗಲೆಲ್ಲ ಎಚ್‌ಐವಿ ಒಂದೇ ಮುಂದೆ ಬಂದು ನಿಲ್ಲುತ್ತದೆ. ಕಿವಿಯನ್ನು ಯಾರೂ ನೋಡುವುದಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು, ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ ಎನ್ನುವುದು ಕಾರ್ಮಿಕ ಆರೋಗ್ಯದವರು ಬಳಸುವ ಒಂದು ಲೆಕ್ಕ. 100ಕ್ಕೆ ಏರಿದರೆ 15 ನಿಮಿಷ ಅಷ್ಟೇ. ಸ್ಪೀಕರಿನ ಪಕ್ಕದಲ್ಲೇ ರಾತ್ರಿಯೆಲ್ಲ ನಿಲ್ಲುವವಳ ಗತಿ ಏನು? ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ಸೊಂಟ, ಮಂಡಿ ಸವೆಯುತ್ತವೆ. ಸಿಗರೇಟು ಸೇದುವವನು ಗಿರಾಕಿ, ಹೊಗೆ ಕುಡಿಯುವವಳು ಇವಳು. ಗಿರಾಕಿ ಒತ್ತಾಯಿಸಿದ ಪೆಗ್ಗನ್ನು ಬೇಡ ಎಂದರೆ ಟಿಪ್ಸ್ ಹೋಯಿತು. ನಿದ್ದೆಯ ಲಯ ಕೆಡಿಸುವ ರಾತ್ರಿಪಾಳಿ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲೇ ಹೇಳಿದೆ. ಸಂಪಾದನೆಯೆಲ್ಲ ಟಿಪ್ಸ್, ಅದರಲ್ಲೂ ಮಾಲೀಕನಿಗೊಂದು ಪಾಲು. ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ಇಎಸ್‌ಐ ಇಲ್ಲ, ಹೆರಿಗೆ ರಜೆಯಿಲ್ಲ. ಮೈಮೇಲೆ ಕೈ ಹಾಕಿದವನ ಮೇಲೆ ದೂರು ಕೊಡಬಹುದೇ? 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನರಂಜನೆಯ ಜಾಗಗಳನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ದೂರು ಕೊಟ್ಟವಳಿಗೆ ಮರುದಿನ ಕೆಲಸ ಉಳಿಯುತ್ತದೆಂಬ ಭರವಸೆ ಕೊಡುವವರು ಬೇಕು.

ಕೋರ್ಟಿನಲ್ಲಿ ಸೋತ ಮಹಾರಾಷ್ಟ್ರ 2016ರಲ್ಲಿ ಬಾರಿನ ಕುಣಿತದ ಮೇಲೆ ಮತ್ತೊಂದು ಕಾಯ್ದೆ ತಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಸಿಸಿಟಿವಿ ಕಡ್ಡಾಯವನ್ನು ತೆಗೆದುಹಾಕಿತು, ಸಂಜೆ 6ರಿಂದ ರಾತ್ರಿ 11.30ರ ಹೊತ್ತನ್ನು ಉಳಿಸಿತು. ಟಿಪ್ಸ್ ಕೊಡಬಹುದು, ನೋಟು ಎರಚಬಾರದು ಎಂದಿತು. ಆರ್ಕೆಸ್ಟ್ರಾ ಬಾರಿನ ವೇದಿಕೆಯಲ್ಲಿ ನಾಲ್ವರೇ ಹೆಂಗಸರಿರಬೇಕೆಂಬ ಮಿತಿ ಬಿದ್ದುಹೋದದ್ದು 2022ರಲ್ಲಿ.

ಬೆಂಗಳೂರಿನಲ್ಲೂ ಲೈವ್ ಬ್ಯಾಂಡಿಗೆ ಪೊಲೀಸ್ ಲೈಸೆನ್ಸ್ ಬೇಕೆಂಬ ಆದೇಶ ಬಂದದ್ದು ಅದೇ 2005ರಲ್ಲಿ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇಂದಿಗೂ ದಾಳಿಯ ಮರುದಿನ ಪತ್ರಿಕೆಯಲ್ಲಿ ‘ಯುವತಿಯರ ರಕ್ಷಣೆ’ ಎಂಬ ಸುದ್ದಿ ಬರುತ್ತದೆ. ಪಕ್ಕದಲ್ಲೊಂದು ಫೋಟೋ, ದುಪಟ್ಟಾ ಮುಖದ ಮೇಲೆ ಎಳೆದುಕೊಂಡ ಹುಡುಗಿಯರು ಸಾಲಾಗಿ ಕೂತಿರುತ್ತಾರೆ. ಅವರು ಆ ತಿಂಗಳ ಬಾಡಿಗೆ ಹೇಗೆ ಕಟ್ಟಿದರು ಎಂದು ಕೇಳಿಕೊಂಡು ಹೋದ ವರದಿಗಾಗಿ ಆ ಹಳೆಯ ಕಟ್ಟುಗಳಲ್ಲಿ ಇನ್ನೂ ಹುಡುಕುತ್ತಿದ್ದೇನೆ.