ಗೋಡೆಯ ಬಣ್ಣಕ್ಕಿಂತ ಮಗುವಿನ ಎತ್ತರ ಮುಖ್ಯ

‘ವಿವೇಕ’ ಯೋಜನೆಯಡಿ ಕಟ್ಟಲಿದ್ದ ಸರ್ಕಾರಿ ಶಾಲಾ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ಮಾತು 2022ರ ನವೆಂಬರ್‌ನಲ್ಲಿ ಎದ್ದಾಗ ರಾಜ್ಯದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಆ ಕೊಠಡಿಯಲ್ಲಿ ಕೂರುವ ಆರು ವರ್ಷದ ಮಗುವಿಗೆ ಕರಿಹಲಗೆ ಸರಿಯಾಗಿ ಕಾಣುತ್ತದೆಯೇ, ಕಿಟಕಿಯಿಂದ ಗಾಳಿ ಬರುತ್ತದೆಯೇ, ಪುಸ್ತಕದ ಕಪಾಟು ಕೈಗೆ ಎಟಕುತ್ತದೆಯೇ ಎಂಬ ಪ್ರಶ್ನೆಗಳು ಆ ಗದ್ದಲದಲ್ಲಿ ಮೇಲೆ ಬರಲಿಲ್ಲ. ತರಗತಿಯನ್ನು ನಾವು ಅಳೆಯುವ ಬಗೆಯೇ ಹಾಗಿದೆ. ಬಣ್ಣ ಬಳಿದ ಕಾಂಪೌಂಡು, ರೈಲು ಬೋಗಿಯಂತೆ ಚಿತ್ರಿಸಿದ ಹೊರಗೋಡೆ, ಒಳಗೆ ಒಂದಿಂಚೂ ಬಿಡದೆ ಅಂಟಿಸಿದ ಚಾರ್ಟುಗಳು ಇದ್ದರೆ ‘ಮಾದರಿ ಶಾಲೆ’ ಎಂದುಬಿಡುತ್ತೇವೆ. ಅಂದಚೆಂದ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಚಿಕ್ಕ ಮಕ್ಕಳ ತರಗತಿ ಕಲಿಕೆಗೆ ಒದಗಬೇಕಾದರೆ, ‘ಇದು ನನ್ನ ಕೋಣೆ’ ಎಂದು ಮಗುವಿಗೆ ಅನಿಸಬೇಕಾದರೆ, ಮೊದಲು ಬೇಕಾದದ್ದು ಬೆಳಕು, ಗಾಳಿ, ಕೈಗೆಟಕುವ ಎತ್ತರ ಮತ್ತು ಗೋಡೆಯಲ್ಲಿ ಮಗುವಿಗೂ ಒಂದು ಪಾಲು. ಅಲಂಕಾರದ ಸರದಿ ಆಮೇಲಿನದು.

ಇದು ಬರೀ ಅಭಿಪ್ರಾಯವಲ್ಲ. ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 27 ಪ್ರಾಥಮಿಕ ಶಾಲೆಗಳ 153 ಕೊಠಡಿಗಳನ್ನೂ ಅಲ್ಲಿ ಕಲಿಯುವ 3,766 ಮಕ್ಕಳ ಪ್ರಗತಿಯನ್ನೂ ಅಧ್ಯಯನ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದಲ್ಲಿ ಓದು, ಬರಹ, ಗಣಿತದಲ್ಲಿ ಮಕ್ಕಳು ಸಾಧಿಸಿದ ಪ್ರಗತಿಯ ಏರುಪೇರಿನಲ್ಲಿ ಶೇ 16ರಷ್ಟಕ್ಕೆ ಕೊಠಡಿಯ ಸ್ವರೂಪವೇ ಕಾರಣವೆಂದು ಅವರು ಲೆಕ್ಕ ಹಾಕಿದರು. ಆ ಪರಿಣಾಮದ ಸುಮಾರು ಅರ್ಧದಷ್ಟು ಬೆಳಕು, ಉಷ್ಣತೆ ಮತ್ತು ಗಾಳಿಯದು. ಉಳಿದರ್ಧದಲ್ಲಿ ಒಂದು ಪಾಲು, ಕೊಠಡಿ ಮಕ್ಕಳ ವಯಸ್ಸಿಗೆ ಹೊಂದುತ್ತದೆಯೇ, ಅದು ತಮ್ಮದೆಂದು ಅವರಿಗೆ ಅನಿಸುತ್ತದೆಯೇ ಎಂಬುದಕ್ಕೆ ಸೇರಿದ್ದು. ಇನ್ನೊಂದು ಪಾಲು ಬಣ್ಣಕ್ಕೆ ಮತ್ತು ಕಣ್ಣಿಗೆ ಬೀಳುವ ವಸ್ತುಗಳ ದಟ್ಟಣೆಗೆ. ಬಣ್ಣದ ವಿಷಯದಲ್ಲೂ ಬೋಳು ಗೋಡೆಗಿಂತ, ಕಿಕ್ಕಿರಿದ ಗೋಡೆಗಿಂತ, ಎರಡರ ನಡುವಿನದೇ ಒಳ್ಳೆಯದೆಂದು ಕಂಡುಬಂತು. ಇಡೀ ಶಾಲಾ ಕಟ್ಟಡದ ವೈಭವಕ್ಕಿಂತ ಮಗು ದಿನವಿಡೀ ಕೂರುವ ಆ ಒಂದು ಕೋಣೆಯ ಗುಣವೇ ಹೆಚ್ಚು ತೂಕದ್ದು ಎಂಬುದೂ ಅದೇ ಅಧ್ಯಯನದ ಮಾತು.

ಕಿಕ್ಕಿರಿದ ಗೋಡೆ ಏನು ಮಾಡುತ್ತದೆ ಎಂಬುದನ್ನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರಯೋಗವೊಂದು 2014ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಿತು. ಶಾಲೆಗೆ ಆಗಷ್ಟೇ ಸೇರಿದ ವಯಸ್ಸಿನ 24 ಮಕ್ಕಳಿಗೆ ಆರು ವಿಜ್ಞಾನ ಪಾಠಗಳನ್ನು ಹೇಳಿಕೊಡಲಾಯಿತು: ಮೂರು ಪಾಠ ಚಿತ್ರ, ಭಿತ್ತಿಪತ್ರಗಳಿಂದ ತುಂಬಿದ ಕೋಣೆಯಲ್ಲಿ, ಮೂರು ಪಾಠ ಅವೆಲ್ಲ ತೆಗೆದ ಕೋಣೆಯಲ್ಲಿ. ತುಂಬಿದ ಕೋಣೆಯಲ್ಲಿ ಪಾಠದ ಹೊತ್ತಿನ ಶೇ 38ಕ್ಕೂ ಹೆಚ್ಚು ಭಾಗ ಮಕ್ಕಳ ಗಮನ ಬೇರೆಡೆಗೆ ಹರಿಯಿತು. ಖಾಲಿ ಕೋಣೆಯಲ್ಲಿ ಅದು ಶೇ 28ರಷ್ಟಿತ್ತು. ಆಮೇಲಿನ ಪರೀಕ್ಷೆಯಲ್ಲಿ ಸರಿಯುತ್ತರಗಳ ಪ್ರಮಾಣ ಮೊದಲನೆಯದರಲ್ಲಿ ಶೇ 42, ಎರಡನೆಯದರಲ್ಲಿ ಶೇ 55. ಇಷ್ಟು ಚಿಕ್ಕ ಗುಂಪಿನ ಪ್ರಯೋಗದಿಂದ ಎಲ್ಲ ಶಾಲೆಗಳಿಗೂ ನಿಯಮ ಹೊರಡಿಸಲಾಗದು ನಿಜ. ಆದರೂ ಪಾಠ ಮುಗಿದ ಮೇಲೂ ತಿಂಗಳುಗಟ್ಟಲೆ ನೇತಾಡುವ ಚಾರ್ಟು ಯಾರಿಗಾಗಿ ಎಂದು ಕೇಳಿಕೊಳ್ಳಲು ಇಷ್ಟು ಸಾಕು.

ಹಾಗಾದರೆ ಗೋಡೆ ಯಾತಕ್ಕೆ? ಉತ್ತರ ನಮ್ಮ ನಲಿಕಲಿ ಕೊಠಡಿಯಲ್ಲೇ ಇದೆ. ಆಂಧ್ರಪ್ರದೇಶದ ಋಷಿವ್ಯಾಲಿ ಶಾಲೆಯ ಪ್ರಯೋಗಗಳಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಅಲ್ಲಿ ಗೋಡೆಯ ಬುಡದಲ್ಲಿ, ನೆಲಕ್ಕೆ ಕುಳಿತ ಮಗು ಬರೆಯಬಹುದಾದ ಎತ್ತರದಲ್ಲಿ, ಕರಿಹಲಗೆಯ ಪಟ್ಟಿ ಓಡುತ್ತದೆ. ಗೆರೆ ಎಳೆದು ಭಾಗ ಮಾಡಿದರೆ ಒಬ್ಬೊಬ್ಬರಿಗೆ ಒಂದೊಂದು ಚೌಕ. ಕಲಿಕಾ ಕಾರ್ಡನ್ನು ಮಗುವೇ ಹುಡುಕಿ ತೆಗೆದುಕೊಂಡು ತನ್ನ ಗುಂಪಿನ ಗುರುತಾದ ತಟ್ಟೆಯ ಬಳಿ ಹೋಗಿ ಕೂರುತ್ತದೆ. ಕಲಿಕಾ ಏಣಿಯಲ್ಲಿ ತಾನು ಎಷ್ಟನೇ ಮೆಟ್ಟಿಲಲ್ಲಿದ್ದೇನೆ ಎಂಬುದು ಅದಕ್ಕೇ ಗೊತ್ತು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳೇ ಬಿಡಿಸಿದ ಚಿತ್ರಗಳು. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಮೇಜು, ಕುರ್ಚಿ, ಕಪಾಟುಗಳು ಮಗುವಿನ ಅಳತೆಗೆ ಇಳಿದದ್ದರ ಹಿಂದಿದ್ದ ವಿವೇಕವೂ ಇದೇ. ಕೇಳಿ ಪಡೆಯಬೇಕಾದ ಕೋಣೆಯಲ್ಲಿ ಮಗು ಅತಿಥಿ; ತಾನೇ ತೆಗೆದು, ಬಳಸಿ, ಮರಳಿ ಇಡುವ ಕೋಣೆಯಲ್ಲಿ ಅದು ಮನೆಯವರಲ್ಲೊಂದು. ಹರಿದುಹೋದೀತೆಂದು ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ, ಸಾಹೇಬರು ಬರುತ್ತಾರೆಂದು ಚಪ್ಪರದಲ್ಲಿ ಹೋದ ವರ್ಷದ ಕಾಗದಗಳನ್ನೇ ಉಳಿಸಿಕೊಂಡರೆ, ನಲಿಕಲಿ ಕೊಠಡಿಯೂ ಬರೀ ಪ್ರದರ್ಶನವಾಗುತ್ತದೆ.

ಬಣ್ಣವಿಲ್ಲದಿದ್ದರೆ ಕಾನ್ವೆಂಟಿನತ್ತ ಹೊರಟ ಪೋಷಕರನ್ನು ಸರ್ಕಾರಿ ಶಾಲೆ ಸೆಳೆಯುವುದು ಹೇಗೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹೊರಗೋಡೆಗೆ ಧಾರಾಳವಾಗಿ ಬಣ್ಣ ಬಳಿಯಲಿ. ಒಳಗೆ, ಅದರಲ್ಲೂ ಕರಿಹಲಗೆಯ ಅಕ್ಕಪಕ್ಕ, ತಿಳಿಬಣ್ಣವಿರಲಿ. ಮಕ್ಕಳನ್ನು ಗುಂಪಾಗಿ ಕೂರಿಸಿದರೆ ಬರೀ ಗಲಾಟೆ ಎಂಬುದು ಇನ್ನೊಂದು ದೂರು. ಅದರಲ್ಲೂ ಹುರುಳಿದೆ: ಒಬ್ಬೊಬ್ಬರೇ ಮಾಡುವ ಅಭ್ಯಾಸಕ್ಕೆ ಸಾಲು ಒಳ್ಳೆಯದೆಂದು ಬ್ರಿಟನ್ನಿನ ಅಧ್ಯಯನಗಳು ಹೇಳಿದರೆ, ಅರ್ಧವೃತ್ತದಲ್ಲಿ ಕುಳಿತ ಮಕ್ಕಳು ಹೆಚ್ಚು ಪ್ರಶ್ನೆ ಕೇಳುತ್ತಾರೆಂದು 1999ರಲ್ಲಿ ಪ್ರಕಟವಾದ ಜರ್ಮನಿಯ ನಾಲ್ಕನೇ ತರಗತಿಯೊಂದರ ಅಧ್ಯಯನ ತೋರಿಸಿತು. ಹಾಗಾಗಿ ಕೆಲಸ ಬದಲಾದಂತೆ ಆಸನವೂ ಬದಲಾಗಬೇಕು. ಅದಕ್ಕೆ ನೆಲಕ್ಕೆ ಬಿಗಿದ ಡೆಸ್ಕಿಗಿಂತ ಮಕ್ಕಳೇ ಎಳೆದುಕೊಳ್ಳಬಹುದಾದ ಮಣೆ, ಚಾಪೆಗಳೇ ಮೇಲು. ಒಳ್ಳೆಯ ಮೇಷ್ಟ್ರು ಮರದ ಕೆಳಗೂ ಕಲಿಸುತ್ತಾರೆ ಎನ್ನುವವರಿದ್ದಾರೆ. ಕಲಿಸುತ್ತಾರೆ, ನಿಜ. ಆದರೆ ಮರದ ಕೆಳಗೆ ಬೆಳಕೂ ಗಾಳಿಯೂ ಬೇಕಾದಷ್ಟಿರುತ್ತವೆ ಎಂಬುದನ್ನು ಅವರು ಮರೆಯಬಾರದು. ಕತ್ತಲೆಯ, ಶೀಟಿನ ಬಿಸಿಯ, ಪ್ರತಿ ಮಾತೂ ಗೋಡೆಗೆ ಬಡಿದು ಮರುದನಿಸುವ ಕೋಣೆ ಒಳ್ಳೆಯ ಮೇಷ್ಟ್ರ ಅರ್ಧ ಶಕ್ತಿಯನ್ನೇ ತಿಂದುಹಾಕುತ್ತದೆ.

ಇದಕ್ಕೆಲ್ಲ ದುಡ್ಡೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಸುಲಭ. ಕಿಟಕಿಗೆ ಅಡ್ಡವಾಗಿ ನಿಂತ ಬೀರುವನ್ನು ಸರಿಸಲು, ಮಿರುಗುವ ಕರಿಹಲಗೆಗೆ ಮಂಕು ಬಣ್ಣ ಹಚ್ಚಲು, ಪುಸ್ತಕಗಳನ್ನು ಕೆಳಗಿನ ಹಲಗೆಗೆ ಇಳಿಸಲು ದೊಡ್ಡ ಅನುದಾನ ಬೇಕಿಲ್ಲ. ಊರಿನ ಶಾಲೆಗೆ ಬಣ್ಣ ಕೊಡಿಸಲು ಹೊರಟ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಡಬ್ಬಿ ಕೊಳ್ಳುವ ಮೊದಲು ಒಂದನೇ ತರಗತಿಯ ಹಿಂದಿನ ಮೂಲೆಯಲ್ಲಿ ನೆಲದ ಮೇಲೆ ಕೂತು ಒಂದು ಪಾಠ ಕೇಳಿ. ಅಲ್ಲಿಂದ ಏನು ಕಾಣುವುದಿಲ್ಲ, ಏನು ಕೇಳುವುದಿಲ್ಲ, ಯಾವುದು ಕೈಗೆ ಎಟಕುವುದಿಲ್ಲ ಎಂದು ಪಟ್ಟಿ ಮಾಡಿ. ಹಣವನ್ನು ಮೊದಲು ಆ ಪಟ್ಟಿಗೆ ಖರ್ಚು ಮಾಡಿ. ಮಿಕ್ಕರೆ ಬಣ್ಣ ಬಳಿಸಿ.