ಅಲಗಿನ ಕೀರ್ತಿ, ಪೀಠದ ದುಡಿಮೆ

ನಾಸಿಕವೆಂದೊಡನೆ ನಮ್ಮ ಜನಕ್ಕೆ ಗೋದಾವರಿಯೂ ಪಂಚವಟಿಯೂ ನೆನಪಾಗುವುದು ಸಹಜ. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂಬ ಹೆಸರು ತಳೆದ ಔರಂಗಾಬಾದೆಂದರೆ, ರಾಷ್ಟ್ರಕೂಟರ ಕಾಲದಲ್ಲಿ ಇಡಿಯ ಬಂಡೆಯನ್ನೇ ಕಡೆದು ನಿಲ್ಲಿಸಿದ ಎಲ್ಲೋರದ ಕೈಲಾಸ ಕಣ್ಣಮುಂದೆ ನಿಲ್ಲುವುದೂ ಸಹಜವೇ. ಆದರೆ ಈ ಎರಡು ಪಟ್ಟಣಗಳ ಅಂಚಿನಲ್ಲಿ ಇಂದು ಹಗಲಿರುಳು ನಡೆಯುತ್ತಿರುವ ಕಡೆತ ಬೇರೆ ಬಗೆಯದು. ಔರಂಗಾಬಾದಿನ ಅಂಚಿನ ವಾಳೂಜದಲ್ಲಿ 1985ರಿಂದ ಬಜಾಜ್ ಕಾರ್ಖಾನೆಯ ವಾಹನಗಳು ಹೊರಬರುತ್ತಿವೆ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ, ಅಂದರೆ ಇಂದಿನ ಬಾಷ್, ನಾಸಿಕದಲ್ಲಿ ಡೀಸೆಲ್ ಎಂಜಿನ್ನುಗಳ ಇಂಜೆಕ್ಟರುಗಳನ್ನು ಮಾಡುತ್ತ ಬಂದಿದೆ. ಹತ್ತಿರದ ಓಝರಿನಲ್ಲಿ ಎಚ್.ಎ.ಎಲ್.ನ ವಿಮಾನ ಕಾರ್ಖಾನೆ 1964ರಲ್ಲಿ ಮಿಗ್ ವಿಮಾನಗಳ ನಿರ್ಮಾಣಕ್ಕೆಂದೇ ಸ್ಥಾಪಿತವಾಯಿತು. ಇವುಗಳಿಗೂ, ಇವುಗಳಿಗೆ ಬಿಡಿಭಾಗಗಳನ್ನೊದಗಿಸುವ ಅಸಂಖ್ಯ ಸಣ್ಣ ಲೇತಿನ ಮನೆಗಳಿಗೂ ಬೇಕಾದ ಲೋಹಚ್ಛೇದನದ ಉಪಕರಣಗಳನ್ನು ಮಾಡುವವರು ಕೂಡ ಅಲ್ಲಿಯೇ ಇದ್ದಾರೆ. ಹಿಂದೆ ಬಿರ್ಲಾ ಕೆನಾಮೆಟಲ್ ಎಂದು ಕರೆಯಲ್ಪಡುತ್ತಿದ್ದ ಬಿರ್ಲಾ ಪ್ರಿಸಿಷನ್ ಟೆಕ್ನಾಲಜೀಸ್ ಸಂಸ್ಥೆಯ ಕಾರ್ಖಾನೆಗಳು ಈ ಎರಡು ಊರುಗಳಲ್ಲೂ ಉಂಟು.

ಈ ಉಪಕರಣಗಳಲ್ಲಿ ಇಂದು ಪ್ರಧಾನವಾದುದು ಅಲಗನ್ನು ಕಳಚಿ ಹೊಸದನ್ನು ಕೂರಿಸಬಹುದಾದ ಬಗೆ. ಕಬ್ಬಿಣಕ್ಕಿಂತಲೂ ಎಷ್ಟೋ ಕಠಿನವಾದ ಟಂಗ್‌ಸ್ಟನ್ ಕಾರ್ಬೈಡಿನ ಒಂದು ಬಿಲ್ಲೆ, ಅದೇ ಇನ್ಸರ್ಟು, ಉಕ್ಕಿನ ಹೋಲ್ಡರಿನ ತುದಿಯಲ್ಲಿರುವ ಪೀಠದಲ್ಲಿ ಕುಳಿತು ಲೋಹವನ್ನು ಕೊರೆಯುತ್ತದೆ. ಬಿಲ್ಲೆ ಹೊಳೆಯುತ್ತದೆ, ಬೆಲೆಯುಳ್ಳದ್ದು, ಚೆಂದದ ಡಬ್ಬಿಯಲ್ಲಿ ಬರುತ್ತದೆ. ಹೋಲ್ಡರು ಎಣ್ಣೆ ಮೆತ್ತಿಕೊಂಡು ಕಪ್ಪಗೆ ಬಿದ್ದಿರುತ್ತದೆ. ಆದ್ದರಿಂದಲೇ, ಉಪಕರಣದ ಗುಣವೆಲ್ಲ ಇನ್ಸರ್ಟಿನಲ್ಲಿದೆ, ಹೋಲ್ಡರು ಅದನ್ನು ಹಿಡಿದುಕೊಳ್ಳುವ ಕಬ್ಬಿಣದ ತುಂಡು ಮಾತ್ರ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಮಿಕ್ಕ ಅನೇಕ ತಪ್ಪು ಕಲ್ಪನೆಗಳಿಗೆ ಇದೇ ತಾಯಿ.

ಮೊದಲು ಸ್ಕ್ರೂವಿನ ಮಾತು. ಇನ್ಸರ್ಟಿನ ನಡುವೆ ತೂರುವ, ಮೂರೂವರೆ ಮಿಲಿಮೀಟರ್ ದಪ್ಪದ ಆ ಸಣ್ಣ ತಿರುಪೇ ಕೊರೆತದ ಬಲವನ್ನೆಲ್ಲ ತಾಳುತ್ತದೆಂದು ತಿಳಿದು, ಅದನ್ನು ಮೈಯಲ್ಲಿರುವ ಶಕ್ತಿಯಿಂದೆಲ್ಲ ಬಿಗಿಯುವವರುಂಟು. ಸಾಧಾರಣ ಉಕ್ಕಿನಲ್ಲಿ ಎರಡು ಮಿಲಿಮೀಟರ್ ಆಳಕ್ಕೆ, ಸುತ್ತಿಗೆ ಕಾಲು ಮಿಲಿಮೀಟರ್ ಫೀಡಿನಂತೆ ಕೊರೆದರೂ ಅಲಗಿನ ಮೇಲೆ ಬೀಳುವ ಬಲ ಸುಮಾರು ನೂರು ಕಿಲೋಗ್ರಾಂ ಭಾರಕ್ಕೆ ಸಮ. ಅದನ್ನು ಆ ಬಡ ತಿರುಪಿನ ತಲೆಗೆ ಕಟ್ಟುವುದು ವಿನ್ಯಾಸಕಾರನ ಉದ್ದೇಶವೇ ಅಲ್ಲ. ಬಲವನ್ನು ಹೊರುವುವು ಪೀಠದ ತಳವೂ ಎರಡು ಗೋಡೆಗಳೂ. ಹೋಲ್ಡರಿನಲ್ಲಿ ತಿರುಪಿನ ರಂಧ್ರವನ್ನು ಇನ್ಸರ್ಟಿನ ರಂಧ್ರದ ನೇರಕ್ಕೆ ಇಡದೆ, ಮಿಲಿಮೀಟರಿನ ಅತ್ಯಲ್ಪ ಭಾಗದಷ್ಟು ಗೋಡೆಯ ಕಡೆಗೆ ಸರಿಸಿ ಕೊರೆದಿರುತ್ತಾರೆ; ಬಿಗಿದಂತೆಲ್ಲ ತಿರುಪು ಸ್ವಲ್ಪ ಬಾಗಿ, ಬಿಲ್ಲೆಯನ್ನು ಮೂಲೆಗೆ ಎಳೆದು ಗೋಡೆಗಳಿಗೆ ಒತ್ತಿ ನಿಲ್ಲಿಸುತ್ತದೆ. ಬಿಲ್ಲೆಯ ಒಳಮೂಲೆ ಪೀಠದ ಮೂಲೆಗೆ ತಾಗದಿರಲೆಂದು ಅಲ್ಲಿ ಚಿಕ್ಕದೊಂದು ಪೊಳ್ಳನ್ನು ಬಿಡುವುದೂ ಇದೇ ವಿವೇಕದಿಂದ. ಮೂಲೆ ಮೊದಲು ತಾಗಿದರೆ ಗೋಡೆಗಳು ತಾಗುವುದಿಲ್ಲ, ಗೋಡೆ ತಾಗದ ಬಿಲ್ಲೆ ನಡುಗುತ್ತದೆ, ನಡುಗಿದ ಕಾರ್ಬೈಡು ಸಿಡಿಯುತ್ತದೆ. ಇಂಥ ತಿರುಪಿಗೆ ಬೇಕಾದ ಬಿಗಿ ಸುಮಾರು 3 ನ್ಯೂಟನ್-ಮೀಟರ್. ಅದಕ್ಕೆ ಮೀರಿದರೆ ತಿರುಪು ಹಿಗ್ಗಿ ತನ್ನ ಎಳೆಯುವ ಗುಣವನ್ನೇ ಕಳೆದುಕೊಳ್ಳುತ್ತದೆ.

ಇದಕ್ಕಿಂತ ಗಾಢವಾದ ಭ್ರಮೆಯೊಂದು, ಕಲಿತವರಲ್ಲಿಯೂ ಕಾಣುವಂಥದು, ಗಡಸುತನಕ್ಕೂ ಬಾಗದಿರುವಿಕೆಗೂ ಸಂಬಂಧಿಸಿದ್ದು. ರಂಧ್ರದೊಳಗೆ ಚಾಚಿ ಕೊರೆಯುವ ಉದ್ದನೆಯ ಹೋಲ್ಡರಾದ ಬೋರಿಂಗ್ ಬಾರು ನಡುಗಿ, ಕೊರೆದ ಮೈಮೇಲೆ ಅಲೆಅಲೆಯಾಗಿ ಗೀರು ಬಿದ್ದಾಗ, ಬಾರನ್ನು ಕಾಯಿಸಿ ಹದ ಕೊಟ್ಟು ಗಡಸುಗೊಳಿಸಿದರೆ ಸರಿಹೋದೀತೆಂದು ಹೇಳುವವರು ಬಹಳ. ಗಡಸುಗೊಳಿಸಿದ ಉಕ್ಕು ತಗ್ಗು ಬೀಳುವುದಿಲ್ಲ, ಶಾಶ್ವತವಾಗಿ ಡೊಂಕಾಗುವುದಿಲ್ಲ, ಪೀಠ ಬಹುಕಾಲ ಬಾಳುತ್ತದೆ ಎಂಬುದೆಲ್ಲ ನಿಜ; ಆದರೆ ಬಲಬಿದ್ದಾಗ ಕ್ಷಣಮಾತ್ರ ಬಾಗಿ ಮರಳುವ ಆ ಬಾಗನ್ನು ನಿರ್ಣಯಿಸುವ ಸ್ಥಿತಿಸ್ಥಾಪಕತ್ವ ಗುಣಾಂಕ ಮೆತ್ತನೆಯ ಉಕ್ಕಿನಲ್ಲಿಯೂ ಗಡಸು ಉಕ್ಕಿನಲ್ಲಿಯೂ ಒಂದೇ, ಸುಮಾರು 200 ಗಿಗಾಪಾಸ್ಕಲ್. ಬಾಗನ್ನು ಆಳುವುವು ಆಕಾರ ಮತ್ತು ಉದ್ದ. ಹೊರಚಾಚಿದ ಉದ್ದ ಇಮ್ಮಡಿಯಾದರೆ ಬಾಗು ಎಂಟು ಮಡಿ; ವ್ಯಾಸವನ್ನು 20ರಿಂದ 25 ಮಿಲಿಮೀಟರಿಗೆ ಏರಿಸಿದರೆ ಬಾಗು ಅರ್ಧಕ್ಕಿಂತಲೂ ಕಡಿಮೆ. ಉಕ್ಕಿನ ಬಾರು ತನ್ನ ವ್ಯಾಸದ ನಾಲ್ಕು ಪಟ್ಟಿನವರೆಗೆ ಚಾಚಿ ನಿಂತು ಸಭ್ಯವಾಗಿ ಕೆಲಸ ಮಾಡೀತು. ಅದಕ್ಕೂ ಆಚೆ, ಆರು ಪಟ್ಟಿನವರೆಗೆ, ಉಕ್ಕಿಗಿಂತ ಮೂರರಷ್ಟು ಬಿಗುವುಳ್ಳ ಕಾರ್ಬೈಡಿನ ಬಾರೇ ಬೇಕು. ಆದ್ದರಿಂದ ಕೊರೆಯಬೇಕಾದ ರಂಧ್ರ ಅನುಮತಿಸುವಷ್ಟು ದಪ್ಪ, ಕೆಲಸ ಬೇಡುವಷ್ಟೇ ಗಿಡ್ಡ, ಇದು ಹೋಲ್ಡರು ರೂಪಿಸುವವನ ಮೊದಲ ಪಾಠ. ಕುಲುಮೆಯ ಕೆಲಸ ಆಮೇಲಿನದು.

ಇನ್ಸರ್ಟಿನ ಮೂಗು, ಅಂದರೆ ಕೊರೆಯುವ ಮೂಲೆಯ ತುದಿ, ದುಂಡಗಾದಷ್ಟೂ ಮೈ ನುಣುಪಾಗುತ್ತದೆ ಎಂಬ ಮಾತು ಇಲ್ಲಿಯೇ ಪರೀಕ್ಷಿಸತಕ್ಕದ್ದು, ಏಕೆಂದರೆ ಅದು ಅರ್ಧಸತ್ಯ. 0.2 ಮಿಲಿಮೀಟರ್ ಫೀಡಿಗೆ 0.4 ಮಿಲಿಮೀಟರ್ ತ್ರಿಜ್ಯದ ಮೂಗು ಸುಮಾರು ಹನ್ನೆರಡೂವರೆ ಮೈಕ್ರಾನ್ ಎತ್ತರದ ಗೆರೆಗಳನ್ನು ಬಿಟ್ಟರೆ 0.8ರ ಮೂಗು ಅದರ ಅರ್ಧವನ್ನು ಮಾತ್ರ ಬಿಡುತ್ತದೆಂದು ಲೆಕ್ಕ ಹೇಳುತ್ತದೆ, ಸರಿಯೇ. ಆದರೆ ದೊಡ್ಡ ಮೂಗು ಬಾರನ್ನು ಪಕ್ಕಕ್ಕೆ ಹೆಚ್ಚಾಗಿ ದೂಡುತ್ತದೆ. ಸಣಕಲು ಬಾರಿನ ತುದಿಯಲ್ಲಿ ಅದನ್ನು ಕೂರಿಸಿದರೆ ನುಣುಪಿನ ಬದಲು ನಡುಕ ಲಭಿಸುತ್ತದೆ.

ಕಾರ್ಖಾನೆಗಳಲ್ಲಿ ಎಲ್ಲೆಲ್ಲೂ ಕಾಣುವ ಸಿ.ಎನ್.ಎಂ.ಜಿ. 120408 ಎಂಬ ಇನ್ಸರ್ಟನ್ನು ಕೈಯಲ್ಲಿ ಹಿಡಿದು ನೋಡಿದವರು, ಅದರ ಪಕ್ಕಗಳು ನೆಟ್ಟಗೆ ತೊಂಬತ್ತು ಅಂಶಕ್ಕೆ ನಿಂತಿರುವುದನ್ನು ಕಂಡು, ಇದು ಮೊಂಡು ಅಲಗು, ಲೋಹವನ್ನು ಕೊರೆಯದೆ ಉಜ್ಜುತ್ತದೆ ಎಂದುಕೊಳ್ಳುವುದುಂಟು. ಬಿಲ್ಲೆಯಲ್ಲಿಲ್ಲದ ಇಳಿಜಾರನ್ನು ಪೀಠ ಒದಗಿಸುತ್ತದೆ: ಹೋಲ್ಡರಿನಲ್ಲಿ ಅದನ್ನು ಸುಮಾರು ಆರು ಅಂಶ ಮುಂದಕ್ಕೆ ಬಾಗಿಸಿ ಕೂರಿಸುವುದರಿಂದ ಅಲಗಿನ ಕೆಳಗೆ ಜಾಗವಾಗುತ್ತದೆ, ಮೇಲಿನ ಚಿಪ್ ಮುರಿಯುವ ತೋಡು ಕೊರೆತವನ್ನು ಹಗುರಗೊಳಿಸುತ್ತದೆ. ನೆಟ್ಟಗಿನ ಪಕ್ಕಗಳ ಲಾಭವೆಂದರೆ ಬಿಲ್ಲೆಯನ್ನು ಮಗುಚಿ ಹಾಕಬಹುದು. ಮುಖಕ್ಕೆ ಎರಡರಂತೆ 80 ಅಂಶದ ಮೂಲೆಗಳು ನಾಲ್ಕು. ನಾಲ್ಕು ಮುಗಿದೊಡನೆ ಅದನ್ನು ಗುಜರಿಗೆ ಎಸೆಯುವವರಿಗೆ, 100 ಅಂಶದ ಇನ್ನೂ ನಾಲ್ಕು ಮೂಲೆಗಳು ಮುಟ್ಟದೆ ಉಳಿದಿವೆಯೆಂಬುದೂ, ಒರಟು ಕೆಲಸಕ್ಕೆ ಅವನ್ನೇ ಬಳಸುವ ಹೋಲ್ಡರುಗಳುಂಟೆಂಬುದೂ ತಿಳಿದಿರುವುದಿಲ್ಲ. ನನಗಂತೂ ಇದು ಅಕ್ಷಮ್ಯ ಅಪವ್ಯಯವೆನಿಸುತ್ತದೆ.

ಬಿಲ್ಲೆಯನ್ನು ಕಳಚುವ ಈ ಪದ್ಧತಿ ಸೋಮಾರಿತನದಿಂದ ಬಂದುದು, ಹಿಂದಿನಂತೆ ಬೆಸುಗೆ ಹಾಕಿ, ಮೊಂಡಾದಾಗ ಸಾಣೆ ಹಿಡಿಯುವುದೇ ಮಿತವ್ಯಯ ಎಂದು ವಾದಿಸುವ ಹಿರಿಯ ಟರ್ನರುಗಳೂ ಇದ್ದಾರೆ. 1923ರಲ್ಲಿ ಜರ್ಮನಿಯ ಕಾರ್ಲ್ ಶ್ರೋಟರ್ ಹಕ್ಕುಪತ್ರ ಪಡೆದ ಈ ಕಾರ್ಬೈಡು ‘ವಿಡಿಯಾ’ ಎಂಬ ಹೆಸರಿನಿಂದ ಲೋಕಕ್ಕೆ ಬಂತು; ಅದೇ ಹೆಸರಿನ ಕಂಪನಿ 1964ರಲ್ಲಿ ಬೆಂಗಳೂರಿನಲ್ಲಿಯೂ ನೆಲಸಿ, ಈಗ ಕೆನಾಮೆಟಲ್ ಇಂಡಿಯಾ ಆಗಿದೆ. ಮೊದಮೊದಲು ತುದಿಗಳನ್ನು ಬೆಸುಗೆಯಿಂದಲೇ ಅಂಟಿಸುತ್ತಿದ್ದರು. ಆದರೆ ಕಾಯ್ದಾಗ ಉಕ್ಕು ಕಾರ್ಬೈಡಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆರುವಾಗ ಅಷ್ಟೇ ಕುಗ್ಗಿ, ತುದಿಯೊಳಗೆ ಬಿರುಕಿನ ಬೀಜವನ್ನು ಬಿತ್ತುತ್ತದೆ. ಸಾಣೆ ಹಿಡಿದ ತುದಿಯ ಅಳತೆಯಾದರೂ ಪ್ರತಿ ಸಾರಿ ಬೇರೆ, ಸಿ.ಎನ್.ಸಿ. ಯಂತ್ರ ಅದನ್ನು ಸಹಿಸದು. ಇನ್ನು ಇಂದಿನ ಬಿಲ್ಲೆಯ ಮೇಲಿರುವ ಲೇಪನ ಕೆಲವೇ ಮೈಕ್ರಾನ್ ದಪ್ಪದ್ದು. ಸಾಣೆಕಲ್ಲಿಗೆ ತಾಗಿದೊಡನೆ ಅದು ಹೋಯಿತು. 

ವೇಗ ತಗ್ಗಿಸಿ ಇನ್ಸರ್ಟನ್ನು ಉಳಿಸಿದರೆ ಹಣ ಉಳಿಯಿತೆಂಬ ಲೆಕ್ಕವೂ ನಿಲ್ಲದು. ಟೇಲರನೆಂಬ ಎಂಜಿನಿಯರು ಉಪಕರಣದ ಆಯುಸ್ಸಿನ ಬಗೆಗೆ 1907ರಲ್ಲಿ ಪ್ರಕಟಿಸಿದ ಸೂತ್ರದಂತೆ ಕಾರ್ಬೈಡಿನ ವೇಗವನ್ನು ನೂರಕ್ಕೆ ಇಪ್ಪತ್ತು ಏರಿಸಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ, ದಿಟ. ಆದರೆ ಒಂದು ಜಾಬಿನ ವೆಚ್ಚದಲ್ಲಿ ಇನ್ಸರ್ಟಿನ ಪಾಲು ಸಾಮಾನ್ಯವಾಗಿ ನೂರಕ್ಕೆ ಮೂರೋ ಐದೋ ಮಾತ್ರ, ಯಂತ್ರದ ಮತ್ತು ಆಳಿನ ಹೊತ್ತಿನ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು.

ಆದಕಾರಣ, ಅಲಗು ಮುರಿದೊಡನೆ ಅದನ್ನು ಮಾಡಿದ ಕಂಪನಿಯನ್ನು ಶಪಿಸಿ ಬೇರೊಂದನ್ನು ತರಿಸುವ ಮುನ್ನ, ಪೀಠವನ್ನು ಒರೆಸಿ ನೋಡಿ. ಬಿಲ್ಲೆಯ ಕೆಳಗಿನ ಕಾರ್ಬೈಡ್ ಶಿಮ್ಮಿನ ಮೂಲೆ ಚಕ್ಕೆ ಎದ್ದಿದೆಯೇ ಪರೀಕ್ಷಿಸಿ. ಸವೆದ ತಿರುಪನ್ನು ಬದಲಿಸಿ. ಬಾರು ಎಷ್ಟು ಹೊರಚಾಚಿದೆಯೆಂದು ಅಳೆಯಿರಿ.