ಹೆಪ್ಪುಗಟ್ಟಿದ ಸರೋವರ, ಹಿಮ ಬಡಿದ ಅಂಚೆ ಪೆಟ್ಟಿಗೆ

ಅಮೆರಿಕದ ಉತ್ತರ ಗಡಿಯಲ್ಲಿರುವ ಮಿನ್ನೆಸೋಟ ರಾಜ್ಯಕ್ಕೆ ‘ಹತ್ತು ಸಾವಿರ ಸರೋವರಗಳ ನಾಡು’ ಎಂಬ ಹೆಸರಿದೆ. ಚಳಿಗಾಲ ಬಂತೆಂದರೆ ಇಂಥ ಊರುಗಳ ಸ್ಥಳೀಯ ಆಡಳಿತಗಳು ನಿವಾಸಿಗಳಿಗೆ ಎರಡು ಸಲಹೆ ನೀಡುತ್ತವೆ. ಒಂದು, ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲಿಡುವ ಬಗ್ಗೆ. ಇನ್ನೊಂದು, ಮನೆ ಮುಂದಿನ ಅಂಚೆ ಪೆಟ್ಟಿಗೆಯ ಬಗ್ಗೆ. ಎರಡರ ಹಿಂದೆಯೂ ಇರುವುದು ಶಾಲೆಯಲ್ಲಿ ಕಲಿಯುವ ವಿಜ್ಞಾನವೇ.

ನೀರಿನ ಸಾಂದ್ರತೆ ಅತಿ ಹೆಚ್ಚಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ. ಮೇಲೆ ಮಂಜುಗಡ್ಡೆ, ಕೆಳಗೆ ನೀರು. ಮೀನುಗಳಿಗೆ ಇದು ವರ, ಮನುಷ್ಯನಿಗೆ ಅಪಾಯ. ಮಂಜುಗಡ್ಡೆಯ ಮೇಲೆ ಬಿದ್ದ ಹಿಮ, ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡು ಕಂಬಳಿಯಂತೆ ವರ್ತಿಸುತ್ತದೆ. ಅದರ ಅಡಿಯಲ್ಲಿ ಮಂಜುಗಡ್ಡೆ ನಿಧಾನವಾಗಿ ಬೆಳೆಯುತ್ತದೆ. ನೋಡಲು ಗಟ್ಟಿ ನೆಲ, ಒಳಗೆ ತೆಳು ಪದರ!

ಆದ್ದರಿಂದಲೇ ಮಿನ್ನೆಸೋಟದ ನಿಯಮ ಹೀಗಿದೆ: ನಡೆದು ಹೋಗಲು ಹೊಸ, ಪಾರದರ್ಶಕ ಮಂಜುಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿರಬೇಕು, ಬಿಳಿಯಾಗಿದ್ದರೆ ಅದರ ಎರಡರಷ್ಟು. ದಪ್ಪವನ್ನು ಕೊರೆದು ಅಳೆಯಬೇಕೇ ಹೊರತು ಕಣ್ಣಂದಾಜು ಸಲ್ಲದು. ಅಕಸ್ಮಾತ್ ಕುಸಿದರೆ, ಬಂದ ದಿಕ್ಕಿಗೇ ತಿರುಗಿ, ಕೈಗಳನ್ನು ಮಂಜಿನ ಮೇಲೆ ಚಾಚಿ, ಕಾಲು ಬಡಿಯುತ್ತ ಮೇಲೇರಬೇಕು. ಎದ್ದು ನಿಲ್ಲದೆ ಉರುಳುತ್ತ ದೂರ ಸರಿಯಬೇಕು. ಆಗ ದೇಹದ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ದಡದಲ್ಲಿರುವವರು ಓಡಿ ಹೋಗಬಾರದು. 911ಕ್ಕೆ ಫೋನ್ ಮಾಡಿ, ಹಗ್ಗವನ್ನೋ ಕೋಲನ್ನೋ ನೀಡಬೇಕು.

ಇದು ನಮಗೆ ಸಂಬಂಧಿಸದ ಮಾತಲ್ಲ. 2022ರ ಡಿಸೆಂಬರ್ 26ರಂದು, ಮರಳುಗಾಡಿಗೆ ಹೆಸರಾದ ಅರಿಜೋನಾ ರಾಜ್ಯದ ಎತ್ತರದ ಪ್ರದೇಶದಲ್ಲಿರುವ ವುಡ್ಸ್ ಕ್ಯಾನ್ಯನ್ ಸರೋವರದಲ್ಲಿ ಮಂಜುಗಡ್ಡೆ ಕುಸಿದು ಭಾರತ ಮೂಲದ ಮೂವರು ಪ್ರಾಣ ಕಳೆದುಕೊಂಡರು.

ಇನ್ನು ಅಂಚೆ ಪೆಟ್ಟಿಗೆ. ಅಲ್ಲಿ ಅಂಚೆಯವರು ಅನೇಕ ಕಡೆ ವಾಹನದಲ್ಲಿ ಕುಳಿತೇ ರಸ್ತೆ ಬದಿಯ ಪೆಟ್ಟಿಗೆಗೆ ಕಾಗದ ಹಾಕುತ್ತಾರೆ. ಅದಕ್ಕೇ ಪೆಟ್ಟಿಗೆಯ ತಳ ರಸ್ತೆಯಿಂದ 41ರಿಂದ 45 ಅಂಗುಲ ಎತ್ತರದಲ್ಲಿರಬೇಕೆಂಬ ನಿಯಮ. ಹಿಮ ತೆಗೆಯುವ ವಾಹನ ಪಕ್ಕಕ್ಕೆ ಎಸೆಯುವ ಒದ್ದೆ ಹಿಮ ಬಲು ಭಾರ. ವೇಗವೂ ಸೇರಿದರೆ ಸಡಿಲ ಕಂಬ ಉರುಳುವುದು ಖಂಡಿತ. ನೆಲ ಹೆಪ್ಪುಗಟ್ಟಿದ ಮೇಲೆ ಗುಂಡಿ ತೋಡುವುದು ಕಷ್ಟ. ಆದ್ದರಿಂದ ಚಳಿಗಾಲಕ್ಕೆ ಮುಂಚೆಯೇ ಕಂಬ ಅಲ್ಲಾಡಿಸಿ ನೋಡಿ, ತಿರುಪುಗಳನ್ನು ಬಿಗಿ ಮಾಡಬೇಕು. ಹಿಮ ಬಿದ್ದ ಮೇಲೆ ಪೆಟ್ಟಿಗೆಯ ಮುಂದಿನ ದಾರಿ ತೆರವುಗೊಳಿಸಬೇಕು. ಆ ಹಿಮವನ್ನು ರಸ್ತೆಗೆ ತಳ್ಳಬಾರದು.

ಮಕ್ಕಳನ್ನು ಓದಲು ಚಳಿ ದೇಶಗಳಿಗೆ ಕಳುಹಿಸುವ ತಂದೆ ತಾಯಂದಿರು ಸ್ವೆಟರು, ಉಪ್ಪಿನಕಾಯಿಗಳ ಜೊತೆಗೆ ಈ ಒಂದು ಮಾತನ್ನೂ ಹೇಳಿ ಕಳುಹಿಸುವುದು ಒಳ್ಳೆಯದು: ಆ ಊರಿನ ಆಡಳಿತ ಕೊಡುವ ಸೂಚನೆಯನ್ನು ಓದು, ಅದರ ಕಾರಣವನ್ನೂ ತಿಳಿದುಕೋ. ಬಾಯಿಪಾಠ ಮಾಡಿದ ನಿಯಮ ಮರೆತುಹೋದೀತು, ಕಾರಣ ತಿಳಿದ ನಿಯಮ ಮರೆಯುವುದಿಲ್ಲ.